ಬ್ಲಾಕ್ ಹೋಯಿತು ಅಂದರೆ, ಎಲ್ಲಿ ಹೋಯಿತು?

ವಾಹನ–ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

"ಬ್ಲಾಕ್ ಹೋಗಿದೆ" ಎಂದು ಮೆಕ್ಯಾನಿಕ್ ಬಾಯಲ್ಲಿ ಬಂದ ಕೂಡಲೇ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಬ್ಲಾಕ್ ಅಂದರೆ ಸಿಲಿಂಡರುಗಳಿರುವ, ಎಂಜಿನ್ನಿನ ಮುಖ್ಯ ಎರಕದ ಮೈ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದೇ ಮಾತಿನಿಂದ ಶುರುವಾಗಿವೆ. ಬಿರುಕು ಎಷ್ಟುದ್ದ ಇದೆ ಎಂದು ಬಹಳ ಮಂದಿ ಬರೆದಿದ್ದಾರೆ, ಎಲ್ಲಿದೆ ಎಂದು ಬರೆದವರು ಕಡಿಮೆ. ರಿಪೇರಿಯೋ ಬದಲಾವಣೆಯೋ ಎಂಬುದು ನಿಂತಿರುವುದು ಆ "ಎಲ್ಲಿ" ಎಂಬುದರ ಮೇಲೆ.

ಪ್ರಶ್ನೆ: ನಮ್ಮದು 45 ಎಚ್‌ಪಿ, ಮೂರು ಸಿಲಿಂಡರಿನ ಟ್ರ್ಯಾಕ್ಟರ್. ಹನ್ನೊಂದು ವರ್ಷ ಹಳೆಯದು. ರೋಟವೇಟರ್ ಹೊಡೆಯುವಾಗ ರೇಡಿಯೇಟರ್ ನೀರು ಇಳಿಯುತ್ತದೆ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ. ಬ್ಲಾಕ್ ಕ್ರ್ಯಾಕ್ ಆಗಿದೆ, ಬದಲಿಸಲೇಬೇಕು ಅನ್ನುತ್ತಾರೆ. ನಿಜವೇ?
— ರೈತರು, ರಾಣೆಬೆನ್ನೂರು

ಉತ್ತರ: ಎಂಜಿನ್ ಬಿಚ್ಚದೆ ಯಾರೂ ಹಾಗೆ ಹೇಳಲು ಬರುವುದಿಲ್ಲ. ನಿಮ್ಮ ಟ್ರ್ಯಾಕ್ಟರಿನಲ್ಲಿ ವೆಟ್ ಲೈನರ್ ಇದ್ದರೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯಾದ ಲೈನರಿನ ಹೊರಮೈಗೆ ನೇರವಾಗಿ ನೀರು ತಾಗುವಂತಿದ್ದರೆ, ನೀರು ಆಯಿಲ್‌ಗೆ ಇಳಿಯಲು ಬ್ಲಾಕ್ ಒಡೆಯಲೇಬೇಕೆಂದಿಲ್ಲ. ಲೈನರಿನ ಬುಡದ ಓ-ರಿಂಗ್ ಗಟ್ಟಿಯಾಗಿರಬಹುದು, ಲೈನರ್ ತೂತಾಗಿರಬಹುದು, ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಬಹುದು, ಆಯಿಲ್ ಕೂಲರ್ ಇರುವ ಮಾದರಿಯಾದರೆ ಅದರೊಳಗೇ ಸೋರುತ್ತಿರಬಹುದು. ಇವೆಲ್ಲ ಬ್ಲಾಕ್‌ಗಿಂತ ಎಷ್ಟೋ ಕಡಿಮೆ ಖರ್ಚಿನ ಕೆಲಸಗಳು.

ಹೆಡ್ ಇಳಿಸುವ ಮೊದಲು ಈ ಪರೀಕ್ಷೆ ಮಾಡಿಸಿ. ಗಾಡಿಯನ್ನು ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೇನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ಬೆರೆಯದೆ ಉಳಿದದ್ದು ಮೊದಲು ಹೊರಗೆ ಬರುತ್ತದೆ. ಎಷ್ಟು ಬಂತೆಂದು ಲೋಟದಲ್ಲಿ ಅಳೆಯಿರಿ. ಆಮೇಲೆ ಆಯಿಲ್ ಪೂರ್ತಿ ಇಳಿಸಿ, ಸಂಪ್ ಬಿಚ್ಚಿ, ರೇಡಿಯೇಟರ್ ತುಂಬಿಸಿ, ಕ್ಯಾಪ್ ಇರುವ ಜಾಗಕ್ಕೆ ಪ್ರೆಶರ್ ಟೆಸ್ಟರ್ ಕೂರಿಸಿ. ಕ್ಯಾಪ್ ಮೇಲೆ 0.9 ಎಂದಿದ್ದರೆ 0.9 ಬಾರ್‌ವರೆಗೆ ಮಾತ್ರ ಪಂಪ್ ಮಾಡಿ, ಅದಕ್ಕಿಂತ ಮೇಲೆ ಹೋಗಬೇಡಿ. ಕೆಳಗೆ ಒಣ ರಟ್ಟು ಹಾಸಿ ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ.

ಹನಿ ಬೀಳುವ ಜಾಗವೇ ಉತ್ತರ ಹೇಳುತ್ತದೆ. ಲೈನರಿನ ಬುಡ ಬ್ಲಾಕ್‌ಗೆ ಕೂರುವ ಅಂಚಿನಲ್ಲಿ ಸುತ್ತಲೂ ಒದ್ದೆಯಾಗಿದ್ದರೆ ಓ-ರಿಂಗ್. ಬೋರಿನ (ಸಿಲಿಂಡರಿನ ಒಳತೂತಿನ) ಒಳಗಿಂದ, ಪಿಸ್ಟನ್ ಪಕ್ಕದಲ್ಲಿ ಇಳಿಯುತ್ತಿದ್ದರೆ ತೂತು ಬಿದ್ದ ಲೈನರ್, ಗ್ಯಾಸ್ಕೆಟ್ ಅಥವಾ ಹೆಡ್. ಎರಡು ಸಿಲಿಂಡರ್ ನಡುವಿನ ಎರಕದ ಗೋಡೆಯಿಂದಲೇ ಜಿನುಗುತ್ತಿದ್ದರೆ ಮಾತ್ರ ಬ್ಲಾಕ್ ಮೇಲೆ ಅನುಮಾನ ಪಡಿ.

ಲೈನರ್ ಹೊರತೆಗೆದಾಗ ಅದನ್ನು ತಿರುಗಿಸಿ ಹೊರಮೈ ನೋಡುವುದನ್ನು ಮರೆಯಬೇಡಿ. ಪಿಸ್ಟನ್ ಒತ್ತಿ ಬಡಿಯುವ ಪಕ್ಕದಲ್ಲಿ, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿಗೆ ಅಡ್ಡವಾಗಿ, ಮೇಲಿಂದ ಕೆಳಕ್ಕೆ ಸಾಲಾಗಿ ಗುಳಿಗಳು ಕಾಣುತ್ತವೆ. ಹುಳ ಕೊರೆದ ಜೋಳದ ಕಾಳಿನ ಹಾಗೆ ಬಾಯಿ ಸಣ್ಣದು, ಒಳಗೆ ಆಳ. ಪ್ರತಿ ಹೊಡೆತಕ್ಕೂ ಲೈನರ್ ಅದುರುತ್ತದೆ, ಆ ಅದುರಿಗೆ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳೆದ್ದು ಲೋಹದ ಮೇಲೆಯೇ ಸಿಡಿಯುತ್ತವೆ, ಸಿಡಿದಲ್ಲಿ ಲೋಹ ಕಿತ್ತುಬರುತ್ತದೆ. ಕೂಲೆಂಟ್ ಹಾಕಿದ್ದರೆ ಅದರ ರಾಸಾಯನಿಕಗಳು ಮೈಮೇಲೆ ತೆಳುವಾದ ಪೊರೆ ಕಟ್ಟಿ ಕಾಪಾಡುತ್ತವೆ. ಬರೀ ಬೋರ್‌ವೆಲ್ ನೀರಿಗೆ ಆ ಗುಣವಿಲ್ಲ. ಸಾಲದ್ದಕ್ಕೆ ಅದರ ಸುಣ್ಣ ಒಳಗೆ ಪದರವಾಗಿ ಕೂತು ಶಾಖ ಹೊರಹೋಗದಂತೆ ತಡೆಯುತ್ತದೆ. ನಮ್ಮ ಬಯಲುಸೀಮೆಯ ಟ್ರ್ಯಾಕ್ಟರುಗಳ ಎಂಜಿನ್ ಕೆಲಸದಲ್ಲಿ ದೊಡ್ಡ ಪಾಲು ಈ ನೀರಿನದು.

ಬ್ಲಾಕಿನಲ್ಲಿ ನೋಡಬೇಕಾದ ಜಾಗಗಳು ಎರಡು. ಮೊದಲನೆಯದು ಓ-ರಿಂಗ್ ಕೂರುವ ಕೆಳಗಿನ ಸುತ್ತು. ಅಲ್ಲಿ ಗುಳಿ ಬಿದ್ದಿದ್ದರೆ ಹೊಸ ಓ-ರಿಂಗ್ ಹಾಕಿದರೂ ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ. ಆ ಭಾಗವನ್ನು ಬೋರ್ ಮಾಡಿ ಉಂಗುರ ಕೂರಿಸಿ ಮೂಲ ಅಳತೆಗೆ ತರಬಹುದು. ಎರಡನೆಯದು ಲೈನರಿನ ಮೇಲಂಚು ಕೂರುವ ಮೆಟ್ಟಿಲು. ಮಸಿ ತೆಗೆದು ಸ್ವಚ್ಛ ಮಾಡಿ ಲೈನರನ್ನು ಓ-ರಿಂಗ್ ಇಲ್ಲದೆ ಇಟ್ಟು, ಬಿಗಿಹಿಡಿದು, ಡಯಲ್ ಗೇಜಿನಿಂದ ನಾಲ್ಕು ಕಡೆ ಅಳೆಯಬೇಕು. ಲೈನರ್ ಬ್ಲಾಕಿನ ಮೇಲ್ಮೈಗಿಂತ ಸುಮಾರು ಒಂದು ಕೂದಲಿನ ದಪ್ಪದಷ್ಟು ಮೇಲೆದ್ದಿರಬೇಕು. ನಿಖರ ಅಂಕಿ ನಿಮ್ಮ ಮಾದರಿಯ ಮ್ಯಾನುವಲ್‌ನಲ್ಲಿರುತ್ತದೆ. ಕಡಿಮೆಯಿದ್ದರೆ ಮೆಟ್ಟಿಲನ್ನು ಸಮಮಾಡಿ ತೆಳುವಾದ ಲೋಹದ ಶಿಮ್ ಹಾಕುತ್ತಾರೆ. ಮೆಟ್ಟಿಲಿನ ಮೂಲೆಯಲ್ಲೇ ಸುತ್ತು ಬಿರುಕು ಕಂಡರೆ, ಅದು ಮೇಲಷ್ಟೇ ಇದ್ದರೆ ಕೊರೆದು ತೆಗೆಯಬಹುದು. ನೀರಿನ ಕೋಣೆಯವರೆಗೆ ಇಳಿದಿದ್ದರೆ ಬ್ಲಾಕ್ ಬದಲಿಸುವುದೇ ಲೇಸು.

ಪ್ರಶ್ನೆ: ಘಾಟಿಯಲ್ಲಿ ನೀರು ಕುದಿದು ಲಾರಿ ನಿಂತಿತು. ಡ್ರೈವರ್ ತಣ್ಣೀರು ಸುರಿದ. ಬ್ಲಾಕಿನ ಪಕ್ಕದಲ್ಲಿ ಐದಿಂಚಿನ ಬಿರುಕು. ವೆಲ್ಡಿಂಗ್ ಮಾಡಿಸಿದೆವು, ಒಂದೇ ತಿಂಗಳಿಗೆ ವೆಲ್ಡಿಂಗಿನ ಪಕ್ಕದಲ್ಲೇ ಮತ್ತೆ ಒಡೆದಿದೆ. ಈಗ ಬ್ಲಾಕ್ ಬದಲಿಸಬೇಕೇ?
— ಲಾರಿ ಮಾಲೀಕರು, ಹೊಸಪೇಟೆ

ಉತ್ತರ: ಪಕ್ಕದಲ್ಲೇ ಒಡೆದದ್ದು ಏಕೆಂದು ತಿಳಿದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ. ಲಾರಿ ಬ್ಲಾಕ್ ಬೀಡುಕಬ್ಬಿಣದ್ದು. ಅದರಲ್ಲಿ ಇಂಗಾಲ ಹೆಚ್ಚು, ಸುಮಾರು ಶೇ 3ರ ಆಸುಪಾಸು, ಅದು ತೆಳು ಹಾಳೆಗಳ ರೂಪದಲ್ಲಿ ಲೋಹದೊಳಗೆ ಹರಡಿರುತ್ತದೆ. ಹಿಡಿದೆಳೆದರೆ ಬಾಗುವ ಗುಣ ಈ ಲೋಹಕ್ಕಿಲ್ಲ. ವೆಲ್ಡಿಂಗಿನ ಬಿಸಿ ತಗುಲಿದ ಅಂಚು ಬೇಗ ತಣಿದಾಗ ಗಾಜಿನಂತೆ ಗಟ್ಟಿಯೂ ಪೆಡಸೂ ಆಗುತ್ತದೆ. ಅದೇ ಹೊತ್ತಿಗೆ ವೆಲ್ಡಿಂಗ್ ಲೋಹ ತಣಿಯುತ್ತಾ ಕುಗ್ಗಿ ಆ ಅಂಚನ್ನು ಎಳೆಯುತ್ತದೆ. ಮಾಮೂಲಿ ಮೈಲ್ಡ್ ಸ್ಟೀಲ್ ರಾಡಿನಲ್ಲಿ ಒಂದೇ ಉಸಿರಿಗೆ ಎಳೆದಿದ್ದರೆ ಪಕ್ಕದಲ್ಲಿ ಬಿರುಕು ಬರದೆ ಇರುವುದಿಲ್ಲ.

ಇನ್ನೂ ಬ್ಲಾಕ್ ಕೈಬಿಡಬೇಡಿ. ಮೊದಲು ಹಳೆಯ ವೆಲ್ಡಿಂಗ್ ಪೂರ್ತಿ ಕಡಿದು ತೆಗೆಯಲಿ. ಆಮೇಲೆ ಡೈ ಪರೀಕ್ಷೆ: ಆಯಿಲ್ ಅಂಶ ತೆಗೆದು ಒಣಗಿಸಿ, ಕೆಂಪು ಡೈ ಸಿಂಪಡಿಸಿ, ಹತ್ತು–ಹದಿನೈದು ನಿಮಿಷ ಬಿಟ್ಟು, ಕ್ಲೀನರ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಬಿಳಿ ಡೆವಲಪರ್ ಹೊಡೆಯುವುದು. ಕ್ಲೀನರನ್ನು ಬ್ಲಾಕ್ ಮೇಲೆಯೇ ಸಿಂಪಡಿಸಿದರೆ ಬಿರುಕಿನೊಳಗಿನ ಡೈ ಕೂಡ ತೊಳೆದುಹೋಗುತ್ತದೆ. ಬಿಳಿಯ ಮೇಲೆ ಕೆಂಪು ಗೆರೆ ಮೂಡಿ ಬಿರುಕಿನ ನಿಜವಾದ ತುದಿ ಕಾಣುತ್ತದೆ. ಅದು ಕಣ್ಣಿಗೆ ಕಂಡದ್ದಕ್ಕಿಂತ ಮುಂದೆಯೇ ಇರುವುದು ಸಾಮಾನ್ಯ.

ಗೆರೆ ನೀರಿನ ಕೋಣೆಯ ಹೊರಗೋಡೆಯಲ್ಲೇ ಮುಗಿದಿದ್ದರೆ ಮೆಟಲ್ ಸ್ಟಿಚಿಂಗ್ ಮಾಡಿಸಿ. ಇಂಥ ಜಾಗಕ್ಕೆ ನಾವು ಮೊದಲು ಹೇಳುವುದು ಅದನ್ನೇ. ಬಿಸಿಯೇ ಇಲ್ಲದ ಕೆಲಸವಾದ್ದರಿಂದ ಬ್ಲಾಕ್ ಸೊಟ್ಟಗಾಗುವ ಭಯವಿಲ್ಲ. ಬಿರುಕಿನ ಎರಡೂ ತುದಿಯಾಚೆ ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸುತ್ತಾರೆ. ಬಿರುಕಿನ ಉದ್ದಕ್ಕೂ ತೂತು ಕೊರೆದು, ಮರೆ (ಸ್ಕ್ರೂವಿನ ಸುರುಳಿ ಗೆರೆ) ಹಾಕಿ, ಮರೆಯಿರುವ ಪಿನ್ ತಿರುಗಿಸಿ ಮೇಲ್ಭಾಗ ಕತ್ತರಿಸುತ್ತಾರೆ. ಮುಂದಿನ ತೂತನ್ನು ಹಿಂದಿನ ಪಿನ್ನಿನ ಮೂರನೇ ಒಂದು ಭಾಗ ಕಚ್ಚುವಂತೆಯೇ ಕೊರೆಯಬೇಕು. ಪಿನ್ನುಗಳ ನಡುವೆ ಹಳೆಯ ಲೋಹ ಉಳಿದರೆ ಅಲ್ಲಿಂದಲೇ ಸೋರುತ್ತದೆ. ಗೋಡೆ ಅಗಲವಾಗದಂತೆ ಬಿರುಕಿಗೆ ಅಡ್ಡಲಾಗಿ ಅಲ್ಲಲ್ಲಿ ಲಾಕ್ ಪಟ್ಟಿ ಕೂರಿಸುತ್ತಾರೆ. ಐದಿಂಚಿನ ಬಿರುಕೆಂದರೆ ಹತ್ತಾರು ಪಿನ್ನುಗಳ, ತಾಳ್ಮೆಯ ಕೆಲಸ. ಒಂದು ಗಂಟೆಯಲ್ಲಿ ಮುಗಿಸಿಕೊಡುತ್ತೇನೆ ಅಂದವರನ್ನು ನಂಬಬೇಡಿ.

ಸ್ಟಿಚಿಂಗ್ ಬಲ್ಲವರು ಹತ್ತಿರದಲ್ಲಿ ಇಲ್ಲದಿದ್ದರೆ ನಿಕ್ಕೆಲ್ ರಾಡಿನಲ್ಲಿ ಕೋಲ್ಡ್ ವೆಲ್ಡಿಂಗ್ ಮಾಡಿಸಬಹುದು. ಇದರ ನಿಯಮ ಕಟ್ಟುನಿಟ್ಟು. ಬಿರುಕನ್ನು 'ವಿ' ಆಕಾರಕ್ಕೆ ತೆರೆದು, ಕಡಿಮೆ ಕರೆಂಟಿನಲ್ಲಿ ಒಂದು ಸಲಕ್ಕೆ ಒಂದಿಂಚು ಮಾತ್ರ ಎಳೆಯಬೇಕು. ಕೆಂಪಾಗಿರುವಾಗಲೇ ದುಂಡುತಲೆ ಸುತ್ತಿಗೆಯಿಂದ ಹಗುರಾಗಿ ತಟ್ಟಬೇಕು, ಹಾಗೆ ತಟ್ಟಿದಾಗ ಕುಗ್ಗುವ ಎಳೆತ ಸಡಿಲವಾಗುತ್ತದೆ. ಅಲ್ಲಿ ಕೈ ಇಡುವಷ್ಟು ತಣ್ಣಗಾದ ಮೇಲೆ ಮುಂದಿನ ಇಂಚು, ಅದೂ ಪಕ್ಕದಲ್ಲಲ್ಲ, ದೂರದಲ್ಲಿ. ಇಡೀ ಬ್ಲಾಕನ್ನು ಕುಲುಮೆಯಲ್ಲಿ ಸುಮಾರು 600 ಡಿಗ್ರಿಗೆ ಕಾಯಿಸಿ ವೆಲ್ಡ್ ಮಾಡಿ ಒಂದೆರಡು ದಿನ ನಿಧಾನವಾಗಿ ತಣಿಸುವ ವಿಧಾನವೂ ಇದೆ. ಆದರೆ ಆಮೇಲೆ ಹೆಡ್ ಕೂರುವ ಮೇಲ್ಮೈ, ಬೋರ್, ಕ್ರ್ಯಾಂಕ್ ಕೂರುವ ಮೇನ್ ಬೇರಿಂಗ್ ಸಾಲು ಎಲ್ಲವನ್ನೂ ಮತ್ತೆ ಮಷಿನಿಂಗ್ ಮಾಡಬೇಕಾಗುತ್ತದೆ. ಹೊಸ ಬ್ಲಾಕ್ ಸಿಗದ ಹಳೆಯ ಎಂಜಿನ್ನಿಗಷ್ಟೇ ಆ ಖರ್ಚು ಸರಿ.

ಯಾವ ವಿಧಾನವಾದರೂ ಪ್ರೆಶರ್ ಟೆಸ್ಟ್ ಆಗದೆ ಬ್ಲಾಕ್ ಮನೆಗೆ ತರಬೇಡಿ. ನೀರಿನ ದಾರಿಗಳನ್ನೆಲ್ಲ ರಬ್ಬರ್ ಪ್ಲೇಟಿನಿಂದ ಮುಚ್ಚಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎರಡು–ಮೂರು ಬಾರ್ ಗಾಳಿ ಕೊಟ್ಟು ಗುಳ್ಳೆ ಏಳುತ್ತದೆಯೇ ನೋಡುತ್ತಾರೆ. ನೀರು ಬಿಸಿಯಿರಲೇಬೇಕು, ತಣ್ಣಗಿರುವಾಗ ಮುಚ್ಚಿಕೊಂಡಿದ್ದ ಬಿರುಕು ಕಾದಾಗ ಬಾಯಿ ಬಿಡುತ್ತದೆ. ನೀವೇ ಎದುರು ನಿಂತು ನೋಡಿ.

ಬಿರುಕು ಎಂಜಿನ್ ಮೌಂಟಿಂಗ್ ಬೋಲ್ಟಿನ ತೂತಿನಿಂದ ಹೊರಟಿದ್ದರೆ ಮಾತ್ರ ಇದೆಲ್ಲ ಬೇಡ. ಅಲ್ಲಿ ಎಂಜಿನ್ನಿನ ಭಾರವೇ ಎಳೆಯುತ್ತಿರುತ್ತದೆ, ಹೊಲಿಗೆ ತಡೆಯುವುದಿಲ್ಲ. ಡ್ರೈವರಿಗೆ ಒಂದು ಮಾತು ಹೇಳಿ: ಕುದಿದ ಎಂಜಿನ್ನಿಗೆ ನೀರು ಹಾಕುವ ಮೊದಲು ಕನಿಷ್ಠ ಅರ್ಧ ಗಂಟೆ ಕಾಯಬೇಕು. ಕ್ಯಾಪನ್ನು ಬಟ್ಟೆ ಸುತ್ತಿ ನಿಧಾನವಾಗಿ ಬಿಚ್ಚಬೇಕು, ಹಾಕುವ ನೀರೂ ಸ್ವಲ್ಪಸ್ವಲ್ಪವಾಗಿಯೇ ಹೋಗಬೇಕು.

ಪ್ರಶ್ನೆ: ಕಾರಿನ ಎಂಜಿನ್ ಹಿಂಬದಿಯಲ್ಲಿ ಕೂಲೆಂಟ್ ಜಿನುಗಿ ತುಕ್ಕಿನ ಗೆರೆ ಕಟ್ಟಿದೆ. ಬ್ಲಾಕ್ ಬಿರುಕಂತೆ. ಎಂ-ಸೀಲ್ ಹಚ್ಚಿದರೆ ನಿಲ್ಲುತ್ತದೆಯೇ? ರೇಡಿಯೇಟರಿಗೆ ಹಾಕುವ ಸೋರಿಕೆ ನಿಲ್ಲಿಸುವ ಪುಡಿ ಒಳ್ಳೆಯದೇ?
— ಉಡುಪಿ

ಉತ್ತರ: ತುಕ್ಕಿನ ಗೆರೆಯ ಮೇಲ್ತುದಿಯಲ್ಲಿ ನಾಣ್ಯದಾಕಾರದ, ಬಟ್ಟಲಿನಂತೆ ಒಳಗೆ ತಗ್ಗಿದ ಲೋಹದ ಮುಚ್ಚಳ ಇದೆಯೇ ನೋಡಿ. ಅದು ಕಪ್ ಪ್ಲಗ್. ಎರಕ ಹೊಯ್ಯುವಾಗ ಒಳಗಿನ ಮರಳು ತೆಗೆಯಲು ಬಿಟ್ಟ ತೂತನ್ನು ಅದರಿಂದ ಮುಚ್ಚಿರುತ್ತಾರೆ. ತೆಳು ಉಕ್ಕಿನದಾದ್ದರಿಂದ ಬ್ಲಾಕಿಗಿಂತ ಮೊದಲು ಅದೇ ತುಕ್ಕು ಹಿಡಿದು ತೂತಾಗುತ್ತದೆ, ಕರಾವಳಿಯ ಉಪ್ಪುಗಾಳಿಯಲ್ಲಂತೂ ಇನ್ನೂ ಬೇಗ. ಒಂದು ಅಂಚಿಗೆ ಹೊಡೆದು ಅಡ್ಡ ತಿರುಗಿಸಿ ಇಕ್ಕಳದಿಂದ ಎಳೆದು, ಕೂರುವ ಜಾಗ ಉಜ್ಜಿ, ಸೀಲೆಂಟ್ ಹಚ್ಚಿ ಅದೇ ಅಳತೆಯ ಹೊಸದನ್ನು ನೇರವಾಗಿ ಬಡಿದು ಕೂರಿಸಿದರೆ ಮುಗಿಯಿತು. ಒಂದು ಹೋಗಿದ್ದರೆ ಉಳಿದವೂ ಅಷ್ಟೇ ಹಳೆಯವು, ಕೈಗೆ ಎಟುಕುವಷ್ಟನ್ನೂ ಬದಲಿಸಿ.

ಎಂ-ಸೀಲ್, ಮೆಟಲ್ ಎಪಾಕ್ಸಿಗಳು ಹೊರಗೋಡೆಯ ಸಣ್ಣ ಜಿನುಗಿಗೆ, ಗಾಡಿ ಗ್ಯಾರೇಜು ಸೇರುವವರೆಗೆ ಆದೀತು. ಬಿಸಿಗೆ ಲೋಹವೂ ಅವೂ ಒಂದೇ ಸಮ ಹಿಗ್ಗುವುದಿಲ್ಲ, ಅಂಚು ಬಿಟ್ಟುಕೊಳ್ಳುತ್ತದೆ. ಪುಡಿ ಬೇಡವೇ ಬೇಡ. ಅದಕ್ಕೆ ಬಿರುಕು ಯಾವುದು, ಹೀಟರ್ ಕೋರಿನ ಸಣ್ಣ ನಾಳ ಯಾವುದು ಎಂದು ತಿಳಿಯುವುದಿಲ್ಲ, ಎರಡನ್ನೂ ಮುಚ್ಚುತ್ತದೆ.

ಪ್ರಶ್ನೆ: ಮಳೆಯಲ್ಲಿ ಅಂಡರ್‌ಪಾಸಿನಲ್ಲಿ ಕಾರು ಆಫ್ ಆಯಿತು. ಎರಡು ಮೂರು ಸಲ ಸೆಲ್ಫ್ ಹೊಡೆದೆ, ಸ್ಟಾರ್ಟ್ ಆಗಿ ದಡ್ ಅಂದು ನಿಂತಿತು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ತೂತು ಬಿದ್ದಿದೆ. ಸರ್ವಿಸ್ ಸೆಂಟರಿನವರು ಎಂಜಿನ್ ಬದಲಿಸಿ ಅನ್ನುತ್ತಾರೆ, ಪರಿಚಯದ ಗ್ಯಾರೇಜಿನವರು ಆರ್ಗಾನ್ ವೆಲ್ಡಿಂಗ್ ಸಾಕು ಅನ್ನುತ್ತಾರೆ. ಇನ್ಶೂರೆನ್ಸ್ ಸಿಗುತ್ತದೆಯೇ?
— ಬೆಂಗಳೂರು

ಉತ್ತರ: ನೀರನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನುಗ್ಗಿದ ನೀರಿಗೆ ಪಿಸ್ಟನ್ ಬಡಿದಾಗ ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಮುರಿದರೆ ಬ್ಲಾಕಿನ ಗೋಡೆಯನ್ನೇ ಒದ್ದು ಹೊರಬರುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ. ನೀರಿನಲ್ಲಿ ಆಫ್ ಆದ ಕಾರಿಗೆ ಒಂದು ಸಲವೂ ಸೆಲ್ಫ್ ಹೊಡೆಯಬಾರದು, ತಳ್ಳಿ ಅಥವಾ ಟೋ ಮಾಡಿಸಿ ಸಾಗಿಸಬೇಕು.

ತೂತು ಸಂಪಿನ ಹತ್ತಿರ, ಹೊರಗಿನ ತೆಳು ಗೋಡೆಯಲ್ಲಿ, ಬೇರಿಂಗ್ ಕಟ್ಟೆಯಿಂದ ದೂರವಿದ್ದರೆ ವೆಲ್ಡಿಂಗ್ ಸಾಧ್ಯ. ಆದರೆ ನಿಮ್ಮಂಥ ಪ್ರಕರಣಗಳಲ್ಲಿ ತೂತೊಂದೇ ಇರುವುದು ಅಪರೂಪ. ರಾಡ್ ಒದ್ದ ಏಟು ಕ್ರ್ಯಾಂಕ್ ಹಾಗೂ ಮೇನ್ ಬೇರಿಂಗ್ ಸಾಲಿಗೂ ಹೋಗಿರುತ್ತದೆ, ಲೈನರಿನ ಬುಡ ಚೂರಾಗಿರುತ್ತದೆ. ಅಲ್ಯೂಮಿನಿಯಂಗೆ ವೆಲ್ಡಿಂಗಿನ ಬಿಸಿ ತಗುಲಿದರೆ ಆ ಭಾಗ ಮೆತ್ತಗಾಗುತ್ತದೆ, ಬೋರ್ ಅಂಡಾಕಾರಕ್ಕೆ ಎಳೆಯುತ್ತದೆ. ತೂತು ಮುಚ್ಚಿಸಿ, ಮತ್ತೆ ಎಲ್ಲ ಅಳೆದು, ಕ್ರ್ಯಾಂಕ್, ರಾಡ್, ಪಿಸ್ಟನ್ ಹೊಸದಾಗಿ ಹಾಕುವ ಹೊತ್ತಿಗೆ ಹಾಫ್ ಎಂಜಿನ್ ಬೆಲೆಯ ಹತ್ತಿರ ಬಂದಿರುತ್ತೀರಿ. ಹಾಫ್ ಎಂಜಿನ್ ಅಂದರೆ ಬ್ಲಾಕ್, ಕ್ರ್ಯಾಂಕ್, ರಾಡ್, ಪಿಸ್ಟನ್ ಜೋಡಿಸಿ ಬರುವುದು, ಅದಕ್ಕೆ ನಿಮ್ಮ ಹೆಡ್ಡನ್ನೇ ಕೂರಿಸಬಹುದು. ನಿಮಗೆ ನಮ್ಮ ಸಲಹೆ ಅದು. ಹೆಡ್ಡಿನ ವಾಲ್ವ್‌ಗಳು ಬಾಗಿಲ್ಲ ಎಂದು ಪರೀಕ್ಷಿಸಿಕೊಂಡೇ ಕೂರಿಸಲಿ.

ಬಹಳ ಕಡೆ ತಪ್ಪುವುದು ಇಲ್ಲಿ: ಹಳೆಯ ಆಯಿಲ್ ಕೂಲರನ್ನೇ ಹೊಸ ಎಂಜಿನ್ನಿಗೆ ಹಾಕುತ್ತಾರೆ. ಮುರಿದ ಬೇರಿಂಗಿನ ಪುಡಿ ಅದರ ಸಂದುಗಳಲ್ಲಿ ಕೂತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೊಸ ಬೇರಿಂಗನ್ನು ಅದೇ ಪುಡಿ ತಿನ್ನುತ್ತದೆ. ಕೂಲರ್ ಹೊಸದೇ ಇರಲಿ. ಟರ್ಬೊ ಇದ್ದರೆ ಅದರ ಆಯಿಲ್ ಪೈಪ್ ಬದಲಿಸಿ, ಶಾಫ್ಟ್ ಅಲುಗಾಟ ನೋಡಿಸಿ.

ಇನ್ಶೂರೆನ್ಸ್: ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ರವಾಹದಿಂದಾದ ಹಾನಿಗೆ ರಕ್ಷಣೆ ಇದೆ. ಆದರೆ ನೀರಿನಲ್ಲಿ ಸ್ಟಾರ್ಟ್ ಮಾಡಿದ್ದರಿಂದ ಎಂಜಿನ್ ಒಡೆದದ್ದನ್ನು ಪರಿಣಾಮವಾಗಿ ಬಂದ ಹಾನಿ ಎಂದು ಹೊರಗಿಡುತ್ತಾರೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಇದ್ದರೆ ಅದು ಕೆಲಸಕ್ಕೆ ಬರುತ್ತದೆ, ಪಾಲಿಸಿ ತೆಗೆದು ಓದಿ. ಝೀರೋ ಡೆಪ್ (ವಯಸ್ಸಿನ ಕಡಿತ ಮಾಡದ ಕವರ್) ಇಲ್ಲದಿದ್ದರೆ ಲೋಹದ ಭಾಗಗಳ ಮೇಲೆ ಆ ಕಡಿತವೂ ಇದೆ: ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 25, ನಾಲ್ಕರಿಂದ ಐದಕ್ಕೆ ಶೇ 35, ಐದರಿಂದ ಹತ್ತಕ್ಕೆ ಶೇ 40. ಸರ್ವೇಯರ್ ನೋಡುವ ಮೊದಲು ಎಂಜಿನ್ ಬಿಚ್ಚಿಸಬೇಡಿ.

ಪ್ರಶ್ನೆ: ಡೀಸೆಲ್ ಕಾರಿನ ಎಂಜಿನ್ ಬೋರಿಗೆ (ಸವೆದ ಸಿಲಿಂಡರ್ ಕೊರೆದು ಅಗಲ ಮಾಡುವುದಕ್ಕೆ) ಬಂದಿದೆ. ಸ್ಟ್ಯಾಂಡರ್ಡ್ ಬೋರ್ 75.00 ಮಿ.ಮೀ. ಸವೆತ 0.14 ಇದೆ. 0.25 ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸಾಕಲ್ಲವೇ? ಲೇತ್‌ನವರು 0.50 ಕೇಳುತ್ತಿದ್ದಾರೆ.
— ಗ್ಯಾರೇಜ್ ಕೆಲಸ ಕಲಿಯುತ್ತಿರುವವರು, ಭದ್ರಾವತಿ

ಉತ್ತರ: ಲೇತ್‌ನವರು ಸರಿಯಾಗಿಯೇ ಕೇಳುತ್ತಿದ್ದಾರೆ. ಬೋರ್ ಸುತ್ತಲೂ ಒಂದೇ ಸಮ ಸವೆಯುವುದಿಲ್ಲ, ಪಿಸ್ಟನ್ ಒತ್ತುವ ಪಕ್ಕ ಹೆಚ್ಚು ಸವೆಯುತ್ತದೆ. ಆ 0.14 ಪೂರ್ತಿ ಒಂದೇ ಪಕ್ಕದ್ದಾದರೆ ಮಧ್ಯಬಿಂದುವಿನಿಂದ ಆ ಗೋಡೆಗೆ 37.64 ಮಿ.ಮೀ. ಇರುತ್ತದೆ. 0.25 ಓವರ್‌ಸೈಜಿನ ಬೋರ್ 75.25, ಅಂದರೆ ಅರ್ಧ ಅಳತೆ 37.625. ಟೂಲ್ ಆ ಗೋಡೆಯನ್ನು ಮುಟ್ಟುವುದೇ ಇಲ್ಲ, ಸವೆದ ಕಲೆ ಹಾಗೇ ಉಳಿಯುತ್ತದೆ. ಮುಟ್ಟಲೆಂದು ಮಧ್ಯಬಿಂದುವನ್ನು ಸರಿಸಿದರೆ ಪಿಸ್ಟನ್ ಕ್ರ್ಯಾಂಕಿಗೆ ನೇರವಾಗಿ ನಿಲ್ಲುವುದಿಲ್ಲ. ಆದ್ದರಿಂದ 0.50.

ಒಂದು ಸಿಲಿಂಡರಿಗೆ ಆರು ಅಳತೆ ಬರೆದುಕೊಳ್ಳಿ: ಮೇಲಂಚಿನಿಂದ ಸುಮಾರು 10 ಮಿ.ಮೀ. ಕೆಳಗೆ, ಮಧ್ಯದಲ್ಲಿ, ಬುಡದಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕಿಗೆ ಉದ್ದಕ್ಕೊಂದು, ಅಡ್ಡಕ್ಕೊಂದು. ಒಂದೇ ಎತ್ತರದ ಎರಡು ಅಳತೆಗಳ ವ್ಯತ್ಯಾಸ ಅಂಡಾಕಾರ, ಮೇಲಿನದಕ್ಕೂ ಬುಡದ್ದಕ್ಕೂ ಇರುವ ವ್ಯತ್ಯಾಸ ಟೇಪರ್. ನಾಲ್ಕು ಸಿಲಿಂಡರಿಗೆ ಇಪ್ಪತ್ತನಾಲ್ಕು ಅಂಕಿಗಳ ಚೀಟಿ ಇಲ್ಲದೆ ಬೋರಿಂಗ್ ಅಂಗಡಿಗೆ ಹೋಗಬೇಡಿ. ಪಿಸ್ಟನ್ ಮೊದಲು ಕೊಂಡು ಅಳೆಯಿರಿ, ಬೋರ್ ಆಮೇಲೆ. ಪಿಸ್ಟನ್ ಅಳತೆಗೆ ಮ್ಯಾನುವಲ್ ಹೇಳುವ ಕ್ಲಿಯರೆನ್ಸ್ ಕೂಡಿಸಿ, ಕೊನೆಯ 0.05 ಮಿ.ಮೀ. ಆಸುಪಾಸನ್ನು ಕಲ್ಲಿನಿಂದ ಉಜ್ಜಿ ಮುಗಿಸುವ ಹೋನಿಂಗಿಗೆ ಉಳಿಸಬೇಕು.

ಒಂದೇ ಸಿಲಿಂಡರಿನಲ್ಲಿ ಆಳ ಗೀರು ಬಿದ್ದು ಉಳಿದವು ಸ್ಟ್ಯಾಂಡರ್ಡ್ ಮಿತಿಯಲ್ಲಿದ್ದರೆ ಆ ಒಂದಕ್ಕೆ ಡ್ರೈ ಲೈನರ್ (ನೀರು ತಾಗದ ಲೈನರ್) ಕೂರಿಸಿ ಸ್ಟ್ಯಾಂಡರ್ಡಿಗೆ ತರುವುದು ಒಳ್ಳೆಯ ರಿಪೇರಿ. ಲೈನರ್ ಕೆಳಗೆ ಜಾರದಂತೆ ಬುಡದಲ್ಲಿ ಒಂದು ಮೆಟ್ಟಿಲು ಬಿಡಲೇಬೇಕು. ಆದರೆ ಕೆಲವು ಎಂಜಿನ್‌ಗಳಲ್ಲಿ ಲೈನರೇ ಇಲ್ಲ, ಅಲ್ಯೂಮಿನಿಯಂ ಮೇಲೆ ಗಟ್ಟಿ ಲೇಪನ ಮಾತ್ರ ಇರುತ್ತದೆ. ಅಂಥದ್ದನ್ನು ಮಾಮೂಲಿಯಂತೆ ಬೋರ್ ಮಾಡಿಸಿದರೆ ಲೇಪನ ಹೋಗಿ ಬ್ಲಾಕೇ ಹಾಳು.

ಹೆಡ್ ಕೂರುವ ಮೇಲ್ಮೈಯನ್ನು ನೇರಪಟ್ಟಿ ಹಾಗೂ 0.05 ಫೀಲರ್ ಗೇಜಿನಿಂದ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿ. ಮೇಲ್ಮೈ ಕೊರೆಸಿದರೆ ಪಿಸ್ಟನ್ ಅಷ್ಟು ಮೇಲೆ ಬರುತ್ತದೆ. ಬಹಳಷ್ಟು ಡೀಸೆಲ್ ಎಂಜಿನ್‌ಗಳಿಗೆ ಬೇರೆಬೇರೆ ದಪ್ಪದ ಗ್ಯಾಸ್ಕೆಟ್ ಇರುತ್ತವೆ, ಅಂಚಿನ ಕಚ್ಚು ಅಥವಾ ತೂತುಗಳ ಎಣಿಕೆಯಿಂದ ಗುರುತು. ಹಳೆಯದರ ಗುರುತು ನೋಡಿ ತರಬೇಡಿ, ಪಿಸ್ಟನ್ ಎಷ್ಟು ಮೇಲೆದ್ದಿದೆ ಎಂದು ಅಳೆದು ತನ್ನಿ.

ಹೋನಿಂಗ್ ಆದ ಬ್ಲಾಕನ್ನು ಡೀಸೆಲ್ಲಿನಲ್ಲಿ ಒರೆಸಿ ಜೋಡಿಸುವ ರೂಢಿ ಬಿಡಿ. ಕಲ್ಲಿನ ಪುಡಿ ಗೀರುಗಳ ಒಳಗೇ ಉಳಿದು ಹೊಸ ರಿಂಗುಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಬಿಸಿನೀರು, ಸೋಪು, ಬ್ರಷ್ ಹಿಡಿದು ತಿಕ್ಕಬೇಕು. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಬೋರ್ ಒರೆಸಿ, ಬಟ್ಟೆಗೆ ಬೂದುಬಣ್ಣ ಬಂದರೆ ಮತ್ತೆ ತೊಳೆಯಿರಿ. ಬಟ್ಟೆ ಬೆಳ್ಳಗೇ ಬರುವವರೆಗೆ.

ಪ್ರಶ್ನೆ: ಮೇನ್ ಬೇರಿಂಗ್ ಸುತ್ತಿಕೊಂಡು ಕ್ರ್ಯಾಂಕ್ ಜಾಮ್ ಆಗಿತ್ತು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಹೊಸ ಬೇರಿಂಗ್ ಹಾಕಿದರೂ ಮೂರೇ ವಾರಕ್ಕೆ ಅದೇ ಬೇರಿಂಗ್ ಮತ್ತೆ ಹೋಯಿತು. ಬ್ಲಾಕ್ ಕಾರಣವೇ?
— ಬೆಳಗಾವಿ

ಉತ್ತರ: ಹೌದು. ಬೇರಿಂಗ್ ಸುತ್ತಿಕೊಂಡಾಗ, ಅಂದರೆ ಕ್ರ್ಯಾಂಕಿನ ಜೊತೆ ತಾನೂ ತಿರುಗಿದಾಗ, ಅದು ಕೂರುವ ಬ್ಲಾಕಿನ ಗೂಡೂ ಸವೆದು, ಬಿಸಿಗೆ ಅಂಡಾಕಾರವಾಗಿರುತ್ತದೆ. ಆ ಗೂಡಿನಲ್ಲಿ ಹೊಸ ಬೇರಿಂಗಿಗೆ ಹಿಡಿತ ಸಿಗುವುದಿಲ್ಲ. ಕ್ರ್ಯಾಂಕ್ ಇಲ್ಲದೆ, ಬೇರಿಂಗ್ ಇಲ್ಲದೆ, ಮೇನ್ ಕ್ಯಾಪುಗಳನ್ನು (ಗೂಡಿನ ಬಿಚ್ಚುವ ಅರ್ಧವನ್ನು) ಪೂರ್ತಿ ಟಾರ್ಕಿಗೆ ಬಿಗಿದು ಗೂಡನ್ನು ಮೂರು ದಿಕ್ಕಿನಲ್ಲಿ ಅಳೆಯಬೇಕಿತ್ತು. ಕ್ಯಾಪುಗಳ ನಂಬರು, ಬಾಣದ ಗುರುತು ಅದಲುಬದಲಾಗಿಲ್ಲ ಎಂಬುದನ್ನೂ ನೋಡಿ. ಕ್ಯಾಪ್ ಹಾಕಿಯೇ ಕಾರ್ಖಾನೆಯಲ್ಲಿ ಗೂಡು ಕೊರೆದಿರುವುದರಿಂದ ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಗೂಡು ಕೆಟ್ಟಿದ್ದಷ್ಟೇ ಆದರೆ ಲೈನ್ ಬೋರಿಂಗ್ ಮಾಡಿಸಬಹುದು: ಕ್ಯಾಪಿನ ಅಂಚನ್ನು ಸ್ವಲ್ಪ ಗ್ರೈಂಡ್ ಮಾಡಿ, ಬಿಗಿದು, ಎಲ್ಲ ಗೂಡುಗಳನ್ನೂ ಒಂದೇ ಗೆರೆಯಲ್ಲಿ ಮೂಲ ಅಳತೆಗೆ ಕೊರೆಯುತ್ತಾರೆ. ಬ್ಲಾಕಿನ ಕಡೆ ಹೆಚ್ಚು ಕೊರೆದರೆ ಕ್ರ್ಯಾಂಕ್ ಮೇಲೆ ಸರಿದು ಟೈಮಿಂಗ್ ಗೇರ್ ಅಥವಾ ಚೈನಿನ ಅಂತರ ಕೆಡುತ್ತದೆ, ಅಲ್ಲಿ ಕೈ ಬಿಗಿಯಿರಲಿ. ಗೂಡಿನ ಕಟ್ಟೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬ್ಲಾಕ್ ಬದಲಿಸಿ. ಪ್ರತಿ ಹೊಡೆತದ ಬಲವೂ ಬಂದು ನಿಲ್ಲುವ ಜಾಗ ಅದು, ವೆಲ್ಡಿಂಗ್, ಸ್ಟಿಚಿಂಗ್ ಯಾವುದೂ ಅಲ್ಲಿ ಬಾಳುವುದಿಲ್ಲ. ಅರ್ಧ ಇಂಚಿನ ಈ ಬಿರುಕಿನ ಮುಂದೆ ಹೊಸಪೇಟೆಯವರ ಐದಿಂಚು ಏನೂ ಅಲ್ಲ.

ಪ್ರಶ್ನೆ: ಗುಜರಿಯಲ್ಲಿ ಅದೇ ಮಾದರಿಯ ಎಂಜಿನ್ ಅಗ್ಗಕ್ಕೆ ಸಿಗುತ್ತಿದೆ. ಏನೇನು ನೋಡಿ ಕೊಳ್ಳಬೇಕು? ಆರ್‌ಟಿಒ ತೊಂದರೆ ಇದೆಯೇ?
— ಮಂಗಳೂರು

ಉತ್ತರ: ಮೊದಲು ನಂಬರ್. ಎಂಜಿನ್ ನಂಬರ್ ಕೊರೆದ ಜಾಗದಲ್ಲಿ ಗ್ರೈಂಡರ್ ಗೆರೆ, ಹೊಸ ಬಣ್ಣ, ಸಾಲು ತಪ್ಪಿದ ಅಂಕಿ ಕಂಡರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ, ಕಳವು ಮಾಲಾಗಿರಬಹುದು. ನಂಬರ್ ನಮೂದಿಸಿದ ಬಿಲ್ಲು, ಹಳೆಯ ಗಾಡಿಯ ದಾಖಲೆ ಪ್ರತಿ ಕೇಳಿ. ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದರಿಂದ ಬದಲಾವಣೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ಬರುತ್ತದೆ. ಎಂಜಿನ್ ಕೂರಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ ಅರ್ಜಿ ಹಾಕಿ, ಹೊಸ ನಂಬರ್ ಆರ್‌ಸಿಗೂ ಪಾಲಿಸಿಗೂ ಏರಿಸಿಕೊಳ್ಳಿ. ನಂಬರ್ ತಾಳೆಯಾಗದ ಗಾಡಿಯ ಕ್ಲೇಮು ಸಿಕ್ಕಿಬೀಳುತ್ತದೆ, ಮಾರುವಾಗಲೂ ತೊಡಕು. ಬಿಎಸ್ 6 ಗಾಡಿಗೆ ಬಿಎಸ್ 4 ಎಂಜಿನ್ ತರಬೇಡಿ.

ಆಮೇಲೆ ಕೈಗೆ ಸ್ಪ್ಯಾನರ್. ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ, ಎಲ್ಲೂ ಕಚ್ಚಬಾರದು. ಸಂಪ್ ಬಿಚ್ಚಲು ಬಿಡದವರಲ್ಲಿ ವ್ಯಾಪಾರ ಬೇಡ. ಸಂಪಿನ ತಳದಲ್ಲಿ ಹೊಳೆಯುವ ಪುಡಿ ಇದ್ದರೆ ಬೇರಿಂಗ್ ಹೋಗಿದೆ. ಒಂದು ಮೇನ್ ಕ್ಯಾಪ್ ಬಿಚ್ಚಿ ಬೇರಿಂಗಿನ ಬಣ್ಣ ನೋಡಿ: ಮಂಕಾದ ಬೂದು ಸರಿ, ತಾಮ್ರದ ಕೆಂಪು ಇಣುಕಿದರೆ ಸವೆದಿದೆ. ಬೋಲ್ಟ್ ತೂತುಗಳಲ್ಲಿ, ಬ್ರ್ಯಾಕೆಟ್ ಸಂದಿಗಳಲ್ಲಿ ಒಣಗಿದ ಕೆಸರು ಇದ್ದರೆ ಅದು ಮುಳುಗಿದ ಗಾಡಿಯ ಎಂಜಿನ್.

ಜೋಡಿಸುವಾಗ ಒಂದು ಎಚ್ಚರ. ಹೆಡ್ ಬೋಲ್ಟಿನ ತೂತುಗಳು ತಳ ಮುಚ್ಚಿದವಾಗಿದ್ದರೆ ಅವುಗಳಲ್ಲಿ ನಿಂತ ಆಯಿಲ್, ನೀರನ್ನು ಹೀರಿ ತೆಗೆದು ಗಾಳಿ ಹೊಡೆಯಿರಿ. ತುಂಬಿದ ತೂತಿಗೆ ಬೋಲ್ಟ್ ಬಿಗಿದರೆ ದ್ರವ ಹೋಗಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳುತ್ತದೆ. ಮರೆ ಕಿತ್ತುಹೋಗಿದ್ದರೆ ಹೆಲಿಕಾಯಿಲ್ (ಹೊಸ ಮರೆ ಕೊಡುವ ತಂತಿಸುರುಳಿ) ಹಾಕಿಸಿ, ಅದಕ್ಕಾಗಿ ಬ್ಲಾಕ್ ಎಸೆಯಬೇಕಿಲ್ಲ.

ಪ್ರಶ್ನೆ: ಸೇನೆಯಲ್ಲಿದ್ದೇನೆ, ಊರು ಮಡಿಕೇರಿ, ಈಗ ಲಡಾಖ್‌ನಲ್ಲಿ. ಸ್ವಂತ ಜೀಪನ್ನು ಬರೀ ನೀರು ಹಾಕಿ ರಾತ್ರಿ ನಿಲ್ಲಿಸಿದ್ದೆ. ಬೆಳಿಗ್ಗೆ ಎರಡು ಕಪ್ ಪ್ಲಗ್ ಹೊರಬಿದ್ದಿದ್ದವು. ಪ್ಲಗ್ ಹೋದರೆ ಬ್ಲಾಕ್ ಉಳಿಯುತ್ತದೆ ಅನ್ನುತ್ತಾರೆ. ಸ್ಟಾರ್ಟ್ ಮಾಡಲೇ?
— ಲೇಹ್

ಉತ್ತರ: ಬೇಡ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಪ್ಲಗ್ ಹೊರಬಿದ್ದದ್ದು ಅದೃಷ್ಟವಿರಬಹುದು, ಆದರೆ ಬ್ಲಾಕ್ ಉಳಿಸಲೆಂದು ಇಟ್ಟ ಭಾಗವಲ್ಲ ಅದು. ಪ್ಲಗ್ಗಿನಿಂದ ದೂರದ ಗೋಡೆ ಅಷ್ಟರಲ್ಲಿ ಸೀಳಿರಬಹುದು. ಒಳಗೆ ಐಸ್ ಇರುವಾಗ ಸ್ಟಾರ್ಟ್ ಮಾಡಿದರೆ ವಾಟರ್ ಪಂಪಿನ ರೆಕ್ಕೆ ಮುರಿಯುತ್ತದೆ, ನೀರು ಸುತ್ತದೆ ಹೆಡ್ ಕಾಯುತ್ತದೆ.

ಜೀಪನ್ನು ಬೆಚ್ಚಗಿನ ಷೆಡ್ಡಿಗೆ ತಳ್ಳಿಸಿ ತಾನಾಗಿ ಕರಗಲು ಬಿಡಿ, ಬೆಂಕಿ, ಬ್ಲೋಲ್ಯಾಂಪ್ ಹಿಡಿಯಬೇಡಿ. ಪ್ಲಗ್ ಹೊಸದು ಹಾಕಿ, ಮೊದಲ ಉತ್ತರದಲ್ಲಿ ಹೇಳಿದಂತೆ ರೇಡಿಯೇಟರಿಗೆ ಒತ್ತಡ ಕೊಟ್ಟು, ಹೊರಗೂ ಸಂಪಿನ ಕೆಳಗೂ ನೋಡಿ. ಒಂದು ಗಂಟೆ ಒತ್ತಡ ಇಳಿಯದೆ ನಿಂತರೆ ಆಯಿಲ್ ಬದಲಿಸಿ ಸ್ಟಾರ್ಟ್ ಮಾಡಿ. ಮುಂದಕ್ಕೆ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ, ಸುಮಾರು ಮೈನಸ್ 37 ಡಿಗ್ರಿವರೆಗೆ ಗಟ್ಟಿಯಾಗುವುದಿಲ್ಲ. ಒಳ್ಳೆಯದೆಂದು ಪೂರ್ತಿ ಕೂಲೆಂಟನ್ನೇ ಸುರಿಯಬೇಡಿ, ನೀರು ಬೆರೆಸದ ಗ್ಲೈಕಾಲ್ ಮೈನಸ್ 13ರ ಆಸುಪಾಸಿಗೇ ಹೆಪ್ಪುಗಟ್ಟುತ್ತದೆ.